ಹೊಲಕ್ಕೆ ಹೋಗುವ ಬುತ್ತಿ



ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ, ಮರದ ನೆರಳಿನಲ್ಲಿ ಕುಳಿತು ಉಂಡು ಬರುವುದಕ್ಕೆ ಇಂದು ಪಿಕ್‌ನಿಕ್ ಎಂಬ ಹೆಸರು ನಿಂತುಬಿಟ್ಟಿದೆ. ಹೆಸರು ಇಂಗ್ಲಿಷಿನದಾದ್ದರಿಂದ ರೂಢಿಯೂ ಇಂಗ್ಲಿಷರದೇ ಇರಬೇಕೆಂದು ಭಾವಿಸುವವರುಂಟು. ಹಾಗೇನೂ ಇಲ್ಲ. ಕಾರ್ತಿಕದಲ್ಲಿ ನೆಲ್ಲಿಯ ಮರದಡಿ ನಡೆಯುವ ವನಭೋಜನವಾಗಲಿ, ಬೆಳದಿಂಗಳೂಟವಾಗಲಿ, ಮನೆಯ ಅಡುಗೆಯನ್ನು ಬಯಲಿಗೆ ಒಯ್ದ ಹಳೆಯ ರೂಢಿಗಳೇ. ಇವುಗಳ ಸಾಲಿನಲ್ಲಿಯೇ ಇದ್ದೂ ಇವುಗಳಿಗಿಂತ ಬೇರೆಯಾದದ್ದು ಉತ್ತರ ಕರ್ನಾಟಕದ ಎಳ್ಳಮಾವಾಸ್ಯೆ. ಪಿಕ್‌ನಿಕ್ಕಿಗೆ ಹೊರಟವರು ದುಡಿಮೆಯ ಜಾಗದಿಂದ ದೂರ ಹೋಗಬಯಸುತ್ತಾರೆ. ಎಳ್ಳಮಾವಾಸ್ಯೆಯ ದಿನ ಒಕ್ಕಲುತನದ ಕುಟುಂಬ ತಾನು ದುಡಿಯುವ ಜಾಗಕ್ಕೇ ಹೋಗುತ್ತದೆ. ಆದರೆ ಅಂದು ದುಡಿಯುವುದಿಲ್ಲ.

ಎಳ್ಳಮಾವಾಸ್ಯೆ ಎಂದರೆ ಮಾರ್ಗಶಿರ ಮಾಸದ ಅಮಾವಾಸ್ಯೆ. ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗೆ ಯಾವಾಗಲಾದರೂ ಬರಬಹುದು. 2024ರಲ್ಲಂತೂ ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ಬಂದಿತ್ತು. ಈ ಹೊತ್ತಿಗೇ ಹಬ್ಬ ಏಕೆ ಎಂಬುದಕ್ಕೆ ಉತ್ತರ ಪಂಚಾಂಗದಲ್ಲಿಲ್ಲ, ಎರೆಭೂಮಿಯಲ್ಲಿದೆ. ಕಲಬುರಗಿ, ವಿಜಯಪುರ, ಬಾಗಲಕೋಟೆ, ಗದಗ ಈ ಭಾಗದ ಕಪ್ಪು ಮಣ್ಣಿನಲ್ಲಿ ಹಿಂಗಾರಿ ಬಿತ್ತನೆ ನಡೆಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಆಮೇಲೆ ಮಳೆಯ ಭರವಸೆ ಕಡಿಮೆ. ನೆಲ ತನ್ನೊಳಗೆ ಹಿಡಿದಿಟ್ಟ ಹಸಿಯನ್ನೇ ನಂಬಿ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ ಬೆಳೆಯಬೇಕು. ಮಾರ್ಗಶಿರ ಮುಗಿಯುವ ಹೊತ್ತಿಗೆ ಜೋಳ ಆಳೆತ್ತರ ನಿಂತು ತೆನೆ ತೋರುತ್ತಿರುತ್ತದೆ, ಕಡಲೆ ಗಿಡ ಕಾಯಿ ಹಿಡಿಯುತ್ತಿರುತ್ತದೆ. ಎಡೆ ಹೊಡೆಯುವ ಕೆಲಸ, ಕಳೆ ತೆಗೆಯುವ ಕೆಲಸ ಮುಗಿದಿದೆ; ಸುಗ್ಗಿ ಇನ್ನೂ ದೂರ. ರೈತನ ಕೈ ಬಿಡುವಾಗಿರುವ, ಆದರೆ ಮನಸ್ಸು ಮಾತ್ರ ಬಿಡುವಾಗಿಲ್ಲದ ದಿನಗಳಿವು. ಬೆಳೆ ಕೈಗೆ ಬರುತ್ತದೆಯೋ ಇಲ್ಲವೋ ಹೇಳುವಂತಿಲ್ಲ. ಮನೆಯವರೆಲ್ಲ ಹೋಗಿ ಬೆಳೆಯನ್ನು ಕಣ್ಣಾರೆ ಕಂಡು ಬರುವುದು ಇಂಥ ಹೊತ್ತಿನಲ್ಲಿಯೇ.

ಬುತ್ತಿಯಲ್ಲಿ ಏನಿರುತ್ತದೆ? ಪಟ್ಟಿ ದೊಡ್ಡದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಟಿ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸೆ ಹಿಂಡಿ, ಕೆಂಪು ಖಾರ, ಕೆನೆ ಮೊಸರು. ಬೀದರ, ಕಲಬುರಗಿಯ ಕಡೆ ಭಜ್ಜಿ ಇಲ್ಲದೆ ಈ ಹಬ್ಬವಿಲ್ಲ. ಭಜ್ಜಿ ಎಂದರೆ ಬೆಂಗಳೂರಿನವರು ತಿಳಿಯುವಂತೆ ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ. ಆ ಕಾಲಕ್ಕೆ ಸಿಗುವ ಸೊಪ್ಪು, ತರಕಾರಿ, ಹಸಿ ಕಾಳುಗಳನ್ನೆಲ್ಲ ಒಟ್ಟಿಗೆ ಹಾಕಿ ಬೇಯಿಸಿದ ಪಲ್ಯ. ಎಳ್ಳು, ಸಜ್ಜೆ, ಶೇಂಗಾ ಮೂರೂ ಚಳಿಗೆ ಹೇಳಿ ಮಾಡಿಸಿದವು. ಅದಕ್ಕಿಂತ ಮುಖ್ಯವೆಂದರೆ, ತಾಟಿನಲ್ಲಿರುವುದರಲ್ಲಿ ಬಹುಪಾಲು ಇದೇ ಸೀಮೆಯ ಹೊಲಗಳಿಂದ ಬಂದದ್ದು.

ಉಣ್ಣುವ ಮೊದಲು ಚರಗ ಚೆಲ್ಲಬೇಕು. ಹೊಲದ ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ತಂದ ಅಡುಗೆಯಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಸಿ, ಬೆಳೆಯ ನಡುವೆ ಒಬ್ಬರು ಚೆಲ್ಲುತ್ತ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಹೊಲ ಸುತ್ತುತ್ತಾರೆ. ಆಗ ಕೂಗುವ ಕೂಗು ಊರಿಂದ ಊರಿಗೆ ಬೇರೆ. ಅರ್ಥ ಕೇಳಿದರೆ ಕೂಗುವವರು ನಗುತ್ತಾರೆ, ಆದರೆ ಕೂಗುವುದನ್ನು ಬಿಡುವುದಿಲ್ಲ. ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಬರುತ್ತವೆ, ಬಂದ ಹಕ್ಕಿಗಳು ಬೆಳೆಯ ಹುಳುಗಳನ್ನೂ ತಿನ್ನುತ್ತವೆ, ಹಿರಿಯರು ಇದನ್ನರಿತೇ ಚರಗ ಹುಟ್ಟುಹಾಕಿದರು ಎಂದು ವಿವರಿಸುವವರಿದ್ದಾರೆ. ಇರಬಹುದು. ಆದರೆ ಪ್ರತಿಯೊಂದು ಹಬ್ಬವನ್ನೂ ಕೀಟನಾಶಕದ ಲೆಕ್ಕಕ್ಕೆ ತಂದು ಸಮರ್ಥಿಸಬೇಕಾದ ಅಗತ್ಯವೇನಿದೆ? ವರ್ಷವಿಡೀ ಉಣ್ಣಿಸುವ ನೆಲಕ್ಕೆ ಒಂದು ದಿನ ಮೊದಲ ತುತ್ತು ಬಡಿಸುವುದು ತಾನಾಗಿಯೇ ಅರ್ಥವಾಗುವಂಥದ್ದು.

ಮಲೆನಾಡಿನ ಭೂಮಿ ಹುಣ್ಣಿಮೆಯ ಹಿಂದೆಯೂ ಇದೇ ಭಾವನೆಯಿದೆ. ಆಶ್ವಯುಜ ಹುಣ್ಣಿಮೆಯ ಹೊತ್ತಿಗೆ ತೆನೆಗಟ್ಟುವ ಭತ್ತದ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಅವಳಿಗೆ ಬಯಕೆಯ ಊಟ ಒಯ್ಯುತ್ತಾರೆ. ಸಾಗರ, ಸೊರಬದ ದೀವರ ಹೆಂಗಸರು ಅದಕ್ಕಾಗಿ ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿ ಕಲೆಯೆಂದೇ ಹೆಸರಾಗಿದೆ. ಬಯಲುಸೀಮೆಯಲ್ಲಿ ಇದೇ ದಿನ ಶೀಗೆ ಹುಣ್ಣಿಮೆ. ಅಂದೂ ಹೊಲದಲ್ಲಿ ಚರಗವುಂಟು.

ಎಳ್ಳಮಾವಾಸ್ಯೆ ಕನ್ನಡದ ಗಡಿಗೆ ನಿಂತಿಲ್ಲವೆಂಬುದು ಇನ್ನೂ ಸ್ವಾರಸ್ಯದ ಸಂಗತಿ. ಮಹಾರಾಷ್ಟ್ರದ ಲಾತೂರು, ಈಗ ಧಾರಾಶಿವವಾಗಿರುವ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಇದೇ ದಿನ ‘ವೇಳ ಅಮಾವಾಸ್ಯೆ’. ಅಲ್ಲಿಯೂ ಹೊಲದಲ್ಲಿ ಜೋಳದ ಕಣಿಕೆಯ ಗುಡಿಸಲು ಕಟ್ಟಿ ಪಾಂಡವರ ಪೂಜೆ, ಅಲ್ಲಿಯೂ ಭಜ್ಜಿ, ಗಡಿಗೆಯಲ್ಲಿ ತಂದ ಅಂಬಲಿ. ಕನ್ನಡದ ‘ಎಳ್ಳ’ ಎಂಬುದೇ ಮರಾಠಿಯ ಬಾಯಲ್ಲಿ ‘ವೇಳ’ ಆಯಿತೆಂದು ಅಲ್ಲಿಯವರೇ ಹಲವರು ಹೇಳುತ್ತಾರೆ. ಇದರಲ್ಲಿ ಆಶ್ಚರ್ಯವಿಲ್ಲ. ಅಹಮದಪುರ, ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿಯೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆ ಹೊಲಗಳ ನಡುವೆ ಗೆರೆ ಎಳೆಯಿತು, ಬುತ್ತಿಯಲ್ಲಿ ಎಳೆಯಲಿಲ್ಲ.

ಈ ದಿನದ ಸಂತೋಷವನ್ನು ಹೇಳುವಾಗ ಮರೆಯಬಾರದ ಮಾತೊಂದಿದೆ. ಮನೆಮಂದಿಗೆಲ್ಲ ಬಿಡುವು ಸಿಗುವ ಈ ದಿನಕ್ಕಾಗಿ ಹೆಂಗಸರ ದುಡಿಮೆ ಹಲವು ದಿನ ಮೊದಲೇ ಶುರುವಾಗುತ್ತದೆ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು ಹಗುರದ ಕೆಲಸವಲ್ಲ. ಈಗ ಪೇಟೆಗಳಲ್ಲಿ ಕಟಿ ರೊಟ್ಟಿ ಮಾರುವ ಕೇಂದ್ರಗಳಾಗಿವೆ, ಅವನ್ನು ನಡೆಸುವವರೂ ಹೆಂಗಸರೇ. ಹಳೆಯ ರುಚಿ ಹೋಯಿತೆಂದು ಗೊಣಗುವ ಗಂಡಸರು ಮೊದಲು ಹಿಟ್ಟು ನಾದಿ ನೋಡಬೇಕು. ಹೊಲದಲ್ಲಿ ಬಡಿಸುವವರೂ ಬಹುಮಟ್ಟಿಗೆ ಹೆಂಗಸರೇ ಆದರೂ, ಅಲ್ಲಿ ಅಡುಗೆಮನೆಯ ಗೋಡೆಯಿಲ್ಲ. ಬಡಿಸುತ್ತ ಬಡಿಸುತ್ತಲೇ ಅತ್ತೆ, ಸೊಸೆ, ನೆಗೆಣ್ಣಿ ಎಲ್ಲರೂ ಅದೇ ನೆರಳಿಗೆ ಕೂರುತ್ತಾರೆ. ಮನೆಯಲ್ಲಿ ಕೊನೆಯ ಪಂಕ್ತಿಗೆ ಉಳಿಯುವವರಿಗೆ ಇದು ಸಣ್ಣ ಮಾತಲ್ಲ.

ಉಂಡ ಮೇಲೆ ಮಕ್ಕಳು ಬೇವಿನ ಗಿಡಕ್ಕೆ ಜೋಕಾಲಿ ಕಟ್ಟುತ್ತಾರೆ, ಹಸಿ ಕಡಲೆ ಕಿತ್ತು ತಿನ್ನುತ್ತಾರೆ. ಅಜ್ಜನಾದವನು ಮೊಮ್ಮಕ್ಕಳನ್ನು ಕರೆದುಕೊಂಡು ಬದುವಿನ ಮೇಲೆ ನಡೆಯುತ್ತಾನೆ. ಬಾಂದುಗಲ್ಲು ಎಲ್ಲಿದೆ, ನೀರು ಯಾವ ಕಡೆ ಹರಿಯುತ್ತದೆ, ಆಚೆಯ ಹೊಲ ಯಾರದು ಎಂದು ತೋರಿಸುತ್ತಾನೆ. ಪಹಣಿ ಪತ್ರಿಕೆಯಲ್ಲಿ ಸಿಗದ ತಿಳಿವಳಿಕೆ ಇದು. ಮೊದಲು ಇದನ್ನು ಮೊಮ್ಮಗನಿಗೆ ತೋರಿಸಿದರೆ ಸಾಕೆನ್ನುವ ಕಾಲವಿತ್ತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿಯೇ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಬದುವಿನ ಮೇಲೆ ಅಜ್ಜನ ಹಿಂದೆ ನಡೆಯುವ ಹುಡುಗಿ ಈಗ ತನ್ನ ಪಾಲಿನ ನೆಲವನ್ನೇ ನೋಡುತ್ತಿರುತ್ತಾಳೆ.

ಆ ನೆಲವೇ ಕಿರಿದಾಗುತ್ತ ಬಂದಿದೆ. ಕೃಷಿ ಗಣತಿಯ ಪ್ರಕಾರ 1970–71ರಲ್ಲಿ ರಾಜ್ಯದ ಸರಾಸರಿ ಹಿಡುವಳಿ 3.20 ಹೆಕ್ಟೇರ್; 2015–16ಕ್ಕೆ ಅದು 1.36 ಹೆಕ್ಟೇರಿಗೆ ಇಳಿದಿತ್ತು. ಅಣ್ಣತಮ್ಮಂದಿರು ಬೇರೆಯಾದಂತೆ ಒಂದು ಬನ್ನಿಯ ಗಿಡ ಒಬ್ಬನ ಪಾಲಿಗೆ, ಬಾವಿ ಇನ್ನೊಬ್ಬನ ಪಾಲಿಗೆ ಹೋಗಿದೆ. ಸವಾರಿ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು, ಟಂಟಂ ಬಂದಿವೆ. ಅದರಿಂದ ನಷ್ಟವೇನಿಲ್ಲ, ಮುದುಕರಿಗೆ ಅನುಕೂಲವೇ ಆಗಿದೆ. ಹೊಲವಿಲ್ಲದವರನ್ನು ಹೊಲವಿದ್ದವರು ಊಟಕ್ಕೆ ಕರೆಯುವ ರೂಢಿ ಇನ್ನೂ ಇದೆ. ಪೇಟೆಯಲ್ಲಿ ನೆಲೆಸಿದವರು ಪರಿಚಿತರ ಹೊಲಕ್ಕೋ, ಅದೂ ಆಗದಿದ್ದರೆ ಉದ್ಯಾನಕ್ಕೋ ಬುತ್ತಿ ಒಯ್ಯುತ್ತಾರೆ.

ಬೆಂಗಳೂರು, ಪುಣೆ, ಮುಂಬಯಿಗೆ ದುಡಿಯಲು ಹೋದವರಲ್ಲಿ ಹೊಲವನ್ನು ಲಾವಣಿಗೆ ಹಾಕಿ ಹೋದವರೂ ಇದ್ದಾರೆ. ಅಂಥವರು ರಾತ್ರಿ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಹೆಂಡತಿ ಮಕ್ಕಳೊಡನೆ ಹೊಲಕ್ಕೆ ಹೋದರೆ, ಬದುವಿನ ಮೇಲೆ ಎರಡು ಕುಟುಂಬಗಳು ಎದುರಾಗುತ್ತವೆ. ಉತಾರದಲ್ಲಿ ಹೆಸರಿರುವವರದೊಂದು, ಈ ವರ್ಷ ಬಿತ್ತಿದವರದೊಂದು. ಇಬ್ಬರ ಕೈಯಲ್ಲೂ ಬುತ್ತಿಯಿದೆ. ಚರಗ ಯಾರು ಚೆಲ್ಲಬೇಕು ಎಂಬುದನ್ನು ಅವರೇ ಅಲ್ಲಿ ನಿಂತು ತೀರ್ಮಾನಿಸಿಕೊಳ್ಳಬೇಕು.