ಪಟ್ಟಣ ಸೇರುವವರ ಜಮಾ-ಖರ್ಚು

(ಧಾರವಾಡದಲ್ಲಿ ಯುವ ಪದವೀಧರರ ಕೂಟವೊಂದರಲ್ಲಿ ಮಾಡಿದ ಭಾಷಣದ ಪಠ್ಯ)



‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆ ನಿಮಗೆಲ್ಲ ಗೊತ್ತು. ಮಳೆ ಕೈಕೊಟ್ಟು, ಸಾಲ ಬೆಳೆದು, ಊರಿನಲ್ಲಿ ತಲೆಯೆತ್ತಿ ತಿರುಗಲಾಗದವನಿಗೆ ನಮ್ಮ ಹಿರಿಯರು ಹೇಳಿದ ದಾರಿ ಅದು. ಪಟ್ಟಣದಲ್ಲಿ ಯಾರನ್ನು ಯಾರೂ ಕೇಳುವುದಿಲ್ಲ, ಯಾವ ಕೆಲಸಕ್ಕೂ ನಾಚಬೇಕಾಗಿಲ್ಲ, ಹೇಗೋ ಹೊಟ್ಟೆ ಹೊರೆಯಬಹುದು ಎಂಬುದು ಅದರ ಇಂಗಿತ. ಆದರೆ ಇಂದು ನನ್ನೆದುರು ಕುಳಿತವರು ಕೆಟ್ಟವರಲ್ಲ, ಓದಿನಲ್ಲಿ ಗೆದ್ದವರು. ಗಂಡ-ಹೆಂಡತಿ ಇಬ್ಬರಿಗೂ ಬೆಂಗಳೂರಿನಿಂದ ಕರೆ ಬಂದವರೂ ನಿಮ್ಮಲ್ಲಿದ್ದೀರಿ. ಇಲ್ಲಿಯ ಸಂಬಳಕ್ಕಿಂತ ಅಲ್ಲಿಯದು ಬಹಳ ಹೆಚ್ಚು. ಹೋದರೆ ಕೈಯಲ್ಲಿ ಏನುಳಿದೀತು ಎಂಬುದು ನಿಮ್ಮ ಪ್ರಶ್ನೆ.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಕಳೆದ ವರ್ಷ ನನ್ನ ಅಕ್ಕನ ಮಗಳು ಮತ್ತು ಅಳಿಯ ಇದೇ ಪ್ರಶ್ನೆ ಹಿಡಿದು ಬಂದರು. ಅವಳು ಖಾಸಗಿ ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತಿದ್ದಳು, ಅವನು ಎಂಜಿನಿಯರು, ಎರಡು ವರ್ಷದ ಮಗು, ಮನೆಯಲ್ಲಿ ಅವನ ತಾಯಿ. ಇಬ್ಬರದೂ ಸೇರಿ ತಿಂಗಳಿಗೆ 90,000 ರೂಪಾಯಿ ಕೈಗೆ ಬರುತ್ತಿತ್ತು. ಬೆಂಗಳೂರಿನಲ್ಲಿ ಅವನಿಗೆ 95,000, ಅವಳಿಗೆ 65,000, ಒಟ್ಟು 1,60,000. ಅಂದರೆ 70,000 ಹೆಚ್ಚುವರಿ. ಅಂದು ಸಂಜೆ ನಾವು ಕೂತು ಬರೆದ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ. ಅಂಕಿಗಳು ಅವರವು, ನಿಮ್ಮವು ಬೇರೆಯಾಗಬಹುದು. ಆದರೆ ಬರೆಯುವ ಕ್ರಮ ಒಂದೇ.

ಮೊದಲನೆಯದು ಮನೆ. ಸ್ವಂತ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಬಾಡಿಗೆ ಎಂಬ ಖರ್ಚು ಹೊಸದು. ಇದು ಸರ್ಕಾರದ ಲೆಕ್ಕದಲ್ಲಿಯೂ ಕಾಣುತ್ತದೆ. 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ನಗರದ ಕುಟುಂಬದ ಖರ್ಚಿನಲ್ಲಿ ವಸತಿಗೆ ಶೇ. 21.67ರಷ್ಟು ತೂಕವಿತ್ತು, ಹಳ್ಳಿಯ ಸೂಚ್ಯಂಕದಲ್ಲಿ ವಸತಿ ಎಂಬ ಬಾಬೇ ಇರಲಿಲ್ಲ. ಇವರು ನೋಡಿದ ಮನೆಯ ಬಾಡಿಗೆ 30,000. ಅದರ ಮೇಲೆ ಮಾಲೀಕರು ಕೇಳಿದ್ದು ಹತ್ತು ತಿಂಗಳ ಮುಂಗಡ, ಮೂರು ಲಕ್ಷ. ‘ಅದು ವಾಪಸು ಬರುವ ದುಡ್ಡಲ್ಲವೆ?’ ಎಂದ ಅಳಿಯ. ಬರುತ್ತದೆ, ಆದರೆ ಬಡ್ಡಿಯಿಲ್ಲದೆ. ಬ್ಯಾಂಕಿನಲ್ಲಿ ಶೇ. 7ರಂತೆ ಇಟ್ಟಿದ್ದರೆ ವರ್ಷಕ್ಕೆ 21,000, ತಿಂಗಳಿಗೆ 1,750 ಬರುತ್ತಿತ್ತು. ಮನೆ ಬಿಡುವಾಗ ಸುಣ್ಣ-ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ವಾಡಿಕೆ. 11 ತಿಂಗಳಿಗೇ ಮನೆ ಬದಲಿಸಿದರೆ ಅದರ ಪಾಲು ತಿಂಗಳಿಗೆ ಸುಮಾರು 2,725. ಹೀಗೆ 30,000ದ ಮನೆ ನಿಜವಾಗಿ ಸುಮಾರು 34,500ರ ಮನೆಯಾಯಿತು.

ಈ 11 ತಿಂಗಳು ಎಲ್ಲಿಂದ ಬಂತು ಎಂದು ಕೇಳುವಿರಿ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷಕ್ಕೂ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು, ಆ ಓಡಾಟ ಬೇಡವೆಂದು 11 ತಿಂಗಳಿಗೆ ಬರೆಯುವ ರೂಢಿ ಬಿತ್ತು. ಮುಂಗಡದ ಹಿಂದೆಯೂ ಒಂದು ಭಯವಿದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಬಾಡಿಗೆದಾರರನ್ನು ಬಿಡಿಸುವುದು ವರ್ಷಗಟ್ಟಲೆ ಕೋರ್ಟು ಅಲೆಯುವ ಕೆಲಸವಾಗಿತ್ತು. ಅದರ ಜಾಗಕ್ಕೆ ಬಂದ 1999ರ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಯಾಯಿತು. ಆದರೆ ಭಯವೂ ಹೋಗಲಿಲ್ಲ, ಮುಂಗಡವೂ ಹೋಗಲಿಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡಾಗ ಮಾತ್ರ ಅದಕ್ಕೆ ಬಲ. ಅಲ್ಲಿಯವರೆಗೆ ಚೌಕಾಸಿಯೊಂದೇ ದಾರಿ. ಕೇಳುವುದರಲ್ಲಿ ನಷ್ಟವೇನೂ ಇಲ್ಲ.

ಎರಡನೆಯದು ದೂರ. ಒಬ್ಬರೇ ದುಡಿಯುತ್ತಿದ್ದಾಗ ಕಚೇರಿಯ ಹತ್ತಿರ ಮನೆ ಹಿಡಿದರೆ ಮುಗಿಯಿತು. ಇಬ್ಬರೂ ದುಡಿಯುವಾಗ ಮನೆಗೆ ಎರಡು ಹಗ್ಗಗಳ ಎಳೆತ. ಇವಳ ಕಚೇರಿ ವೈಟ್‌ಫೀಲ್ಡಿನಲ್ಲಿ, ಅವನದು ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ. ನಡುವೆ ಮನೆ ಮಾಡಿದರೆ ಇಬ್ಬರಿಗೂ ಹೋಗಿ ಬರಲು ಎರಡೆರಡು ಗಂಟೆ. ತಿಂಗಳಿಗೆ 22 ದಿನವೆಂದರೆ ಇಬ್ಬರದೂ ಸೇರಿ 88 ಗಂಟೆ. ಎಂಟು ಗಂಟೆಯ ದುಡಿಮೆಯ 11 ದಿನ ರಸ್ತೆಯಲ್ಲೇ ಕಳೆದಂತೆ. 2011ರಲ್ಲಿ ಶುರುವಾದ ಮೆಟ್ರೊ ಸಾಲು 2023ರಲ್ಲಿ ವೈಟ್‌ಫೀಲ್ಡ್ ಮುಟ್ಟಿತು; 2025ರ ಆಗಸ್ಟ್‌ನಲ್ಲಿ ಇನ್ನೊಂದು ಸಾಲು ಎಲೆಕ್ಟ್ರಾನಿಕ್ಸ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಯಿತು. ಅದೇ ವರ್ಷ ಫೆಬ್ರುವರಿಯಲ್ಲಿ ಅತಿ ಹೆಚ್ಚಿನ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಓಡಾಟಕ್ಕೆ 4,000 ಬರೆದೆವು. ರಸ್ತೆಯಲ್ಲಿ ಕಳೆಯುವ ಸಮಯಕ್ಕೆ ಬೆಲೆ ಕಟ್ಟಲಿಲ್ಲ.

ಮೂರನೆಯದು ನೀರು. ಬೆಂಗಳೂರಿಗೆ ನದಿಯಿಲ್ಲ. 1974ರಿಂದ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತಿದೆ. 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆಂದು ರೂಪಿಸಿದ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹೊಸ ನೌಕರಿಗಳೂ ಹೊಸ ಮನೆಗಳೂ ಹೆಚ್ಚಾಗಿ ಇರುವುದು ಈ ಹೊರವಲಯದಲ್ಲಿಯೇ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ಗೊತ್ತುಪಡಿಸಬೇಕಾಯಿತು. ನೀರು ಮತ್ತು ಕಟ್ಟಡದ ನಿರ್ವಹಣೆಗೆ 4,000.

ಇನ್ನು ಉಳಿದವು: ಮಗುವಿನ ಪಾಲನಾ ಕೇಂದ್ರ ಮತ್ತು ಸಂಜೆ ನೋಡಿಕೊಳ್ಳುವ ಆಯಾ 15,000, ಅಡುಗೆಯವರು ಮತ್ತು ಮನೆಗೆಲಸದವರು 8,000, ಊರಿಗೆ ಬಂದು ಹೋಗುವ ಖರ್ಚು 3,000. ಎಲ್ಲ ಕೂಡಿದರೆ 68,500. ಎಪ್ಪತ್ತು ಸಾವಿರದ ಹೆಚ್ಚುವರಿಯಲ್ಲಿ ಉಳಿದದ್ದು 1,500 ರೂಪಾಯಿ!

ಇಲ್ಲಿ ಸ್ವಲ್ಪ ನಿಂತು ಹಿಂದಕ್ಕೆ ನೋಡೋಣ. ಹಿಂದಿನವರು ಇದಕ್ಕಿಂತ ಕಡಿಮೆ ಸಂಬಳದಲ್ಲಿ ಪಟ್ಟಣದಲ್ಲಿ ಬದುಕಿದ್ದು ಹೇಗೆ? ಅವರ ಖರ್ಚನ್ನು ಬೇರೆ ಯಾರೋ ಹೊರುತ್ತಿದ್ದರು. ಮೈಸೂರು, ಬೆಂಗಳೂರಿಗೆ ಓದಲು ಹೋದ ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡರು. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ದುಡಿದ ಹುಡುಗರು ಅಲ್ಲೇ ಉಂಡು, ಅಲ್ಲೇ ಮಲಗಿ, ರಾತ್ರಿ ಶಾಲೆಯಲ್ಲಿ ಕನ್ನಡ ಓದಿದರು. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದಾಗ ಕಾರ್ಖಾನೆಯ ಜೊತೆಗೆ ಕಾಲೊನಿಯೂ ಬಂತು. ಮನೆ, ಶಾಲೆ, ಆಸ್ಪತ್ರೆ, ಕ್ಯಾಂಟೀನು, ಕರೆದೊಯ್ಯುವ ಬಸ್ಸು ಎಲ್ಲವೂ ಕಾರ್ಖಾನೆಯವೇ. ಎಲ್ಲರಿಗೂ ಕ್ವಾರ್ಟರ್ಸ್ ಸಿಗಲಿಲ್ಲ ನಿಜ; ಆದರೂ ನಗರದ ಭಾರದಲ್ಲಿ ಒಂದು ಪಾಲನ್ನು ಮಾಲೀಕರು ಹೊತ್ತರು. ಇಂದು ಅದೆಲ್ಲವನ್ನೂ ಒಂದೇ ದೊಡ್ಡ ಸಂಬಳದೊಳಗೆ ಮಡಿಸಿ ನಿಮ್ಮ ಕೈಗೆ ಕೊಡುತ್ತಾರೆ. ಪೇಟೆಗೆ ಹೋಗಿ ಒಂದೊಂದನ್ನೂ ಕೊಳ್ಳುವವರು ನೀವು. 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಕೊಡಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ನೌಕರಿ ಒಪ್ಪುವ ಮುನ್ನ ಸಂಬಳದ ಜೊತೆಗೆ ಇದನ್ನೂ ವಿಚಾರಿಸಿರಿ.

ಈಗ ಮತ್ತೆ ನಮ್ಮ ಲೆಕ್ಕಕ್ಕೆ ಬರುತ್ತೇನೆ. 1,500 ಎಂಬ ಉಳಿಕೆ ನೋಡಿ ಅಳಿಯ, ‘ಹಾಗಾದರೆ ಇವಳ ಸಂಬಳವೆಲ್ಲ ಖರ್ಚಿಗೇ ಹೋಯಿತಲ್ಲ, ಇವಳು ಮನೆಯಲ್ಲೇ ಇದ್ದರಾಯಿತು’ ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಲೆಕ್ಕವಾಗಿ ನೋಡಿದರೂ ತಪ್ಪು. ಅವಳು ನೌಕರಿ ಬಿಟ್ಟರೆ ಉಳಿಯುವುದೇನು? ಮಗುವಿನ 15,000, ಮನೆಗೆಲಸದ 8,000, ಅವಳ ಓಡಾಟದ 2,000, ಒಟ್ಟು 25,000. ಹೋಗುವುದು 65,000. ಬಾಡಿಗೆಯೇನೂ ಇಳಿಯುವುದಿಲ್ಲ, ನೀರಿನ ಬಿಲ್ಲೂ ಇಳಿಯುವುದಿಲ್ಲ. ತಿಂಗಳಿಗೆ 40,000 ನಷ್ಟ. ಮಗು ಇಬ್ಬರದಾದರೂ ಅದರ ಖರ್ಚನ್ನು ತಾಯಿಯ ಸಂಬಳದಿಂದಲೇ ಕಳೆಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಓದಿದವರಿಗೂ ಅದು ತಪ್ಪೆಂದು ತೋರುವುದಿಲ್ಲ.

ಅಷ್ಟರಲ್ಲಿ ಬಾಗಿಲ ಬಳಿ ಮಗುವಿಗೆ ಅನ್ನ ತಿನ್ನಿಸುತ್ತಿದ್ದ ಅವನ ತಾಯಿ ಕೇಳಿದರು: ‘ಇಷ್ಟೆಲ್ಲಾ ಬರದೀರಿ, ಇಲ್ಲಿ ನನ್ನ ಪಗಾರ ಎಲ್ಲಿ ಬರದೀರಿ?’

ನಾವು ಮೂವರೂ ಸುಮ್ಮನಾದೆವು. ಮೂವತ್ತು ವರ್ಷ ಲೆಕ್ಕ ಬರೆದವನಿಗೆ ಆ ಬಾಬು ಹೊಳೆದಿರಲಿಲ್ಲ. ಬೆಂಗಳೂರಿನಲ್ಲಿ ಆಯಾ, ಅಡುಗೆ, ಮನೆಗೆಲಸ ಎಂದು 23,000 ಬರೆದೆವಲ್ಲ, ಆ ಕೆಲಸಗಳೆಲ್ಲ ಧಾರವಾಡದಲ್ಲಿಯೂ ನಡೆಯುತ್ತಿದ್ದವು. ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿದು, ಮಗುವನ್ನು ಮೀಯಿಸಿ, ಮಲಗಿಸಿ, ಇವರಿಬ್ಬರೂ ಬರುವವರೆಗೆ ಕಾಯುತ್ತಿದ್ದವರು ಆ ತಾಯಿ. ಊರಿನಲ್ಲಿ ಅದು ಪುಕ್ಕಟೆ ಎಂದು ನಾವು ತಿಳಿದಿದ್ದೆವು. ಕೆಲಸ ಪುಕ್ಕಟೆಯಾಗಿರಲಿಲ್ಲ, ಕೊಡಬೇಕಾದವರು ಕೊಟ್ಟಿರಲಿಲ್ಲ, ಅಷ್ಟೆ.

ಇದು ಒಂದು ಮನೆಯ ಮಾತಲ್ಲ. ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರು 97 ನಿಮಿಷ. 2024ರಲ್ಲಿ ಅದು 289 ಮತ್ತು 88 ಆಯಿತು. ಹೆಂಗಸರ ಹೊರೆ ಹತ್ತು ನಿಮಿಷ ಇಳಿದರೆ ಗಂಡಸರ ಪಾಲೂ ಒಂಬತ್ತು ನಿಮಿಷ ಇಳಿಯಿತು! ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಈ ಐದು ಗಂಟೆಗಳಿಗೆ ಜಾಗವಿಲ್ಲ. ಪಟ್ಟಣ ದುಬಾರಿ ಎನ್ನುತ್ತೇವೆ. ನಿಜ, ಬಾಡಿಗೆಯಲ್ಲಿ ಅದು ದುಬಾರಿಯೇ. ಆದರೆ ಅದರ ದುಬಾರಿತನದಲ್ಲಿ ಒಂದು ದೊಡ್ಡ ಪಾಲು, ಊರಿನಲ್ಲಿ ಅಮ್ಮನೋ ಅತ್ತೆಯೋ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಅದು ಬರೆಯುವ ಬಿಲ್ಲು. ಆ ಬಿಲ್ಲನ್ನು ನೋಡಿ ಬೆಚ್ಚುವ ನಾವು ಅದನ್ನು ಮೊದಲು ಕಟ್ಟುತ್ತಿದ್ದವರು ಯಾರು ಎಂದು ಕೇಳಿಕೊಳ್ಳುವುದಿಲ್ಲ.

ಅವರಿಬ್ಬರೂ ಹೋದರೆ ಎಂದು ಕೇಳುವಿರಿ. ಹೋದರು. ಆದರೆ ಲೆಕ್ಕ ಬದಲಾಯಿತು. ‘ಅವಳ ಸಂಬಳ, ಅವನ ಸಂಬಳ’ ಎಂಬ ಎರಡು ಕಾಲಂ ಅಳಿಸಿ ಎಲ್ಲ ಖರ್ಚನ್ನೂ ಒಟ್ಟು ಆದಾಯದ ಎದುರು ಬರೆದರು. ತಾಯಿಯ ಹೆಸರಿನ ಖಾತೆಗೆ ತಿಂಗಳಿಗೆ 6,000 ಹಾಕುವುದೆಂದು ಒಂದು ಹೊಸ ಬಾಬು ಸೇರಿತು; ಅವರು ಬೆಂಗಳೂರಿಗೆ ಬಂದರೂ ಸರಿ, ಧಾರವಾಡದಲ್ಲೇ ಇದ್ದರೂ ಸರಿ. ಅದನ್ನು ಹೊಂದಿಸಲು 30,000ದ ಮನೆ ಬಿಟ್ಟು, ಅವಳ ಕಚೇರಿಗೆ ಹತ್ತಿರದ ಹಳೆಯ ಕಟ್ಟಡವೊಂದರಲ್ಲಿ 25,000ದ ಮನೆ ಹಿಡಿದರು. ಮುಂಗಡದ ಬಡ್ಡಿ, ಬಣ್ಣ ಎಲ್ಲ ಸೇರಿಸಿ ಅದು ಸುಮಾರು 28,700 ಬಿತ್ತು. ಉಳಿಕೆ ಮೊದಲಿನ 1,500ರ ಬದಲು 1,300. ಉಳಿತಾಯಕ್ಕಾಗಿ ಹೋದದ್ದಲ್ಲ, ಇಬ್ಬರೂ ತಮ್ಮ ಕೆಲಸದಲ್ಲಿ ಬೆಳೆಯಲು ಹೋದದ್ದು ಎಂದು ತಿಳಿದೇ ಹೋದರು. ಅಳಿಯನ ದಾರಿ ಈಗ ಉದ್ದವಾಗಿದೆ. ದೂರುತ್ತಾನೆ, ಆದರೆ ರವಿವಾರದ ಅಡುಗೆ ಅವನದೇ ಆಗಿದೆಯಂತೆ.

ನಿಮಗೆ ಹೋಗಿ ಎಂದೂ ಹೇಳಲಾರೆ, ಬೇಡ ಎಂದೂ ಹೇಳಲಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಆ ಹಾಸಿಗೆಯನ್ನು ದಿನವೂ ಹಾಸಿ ಮಡಿಸುವವರು ಯಾರು ಎಂಬುದನ್ನೂ ನೋಡಿಕೊಳ್ಳಿ. ಮುಂಗಡ ಬರೆಯಿರಿ, ಬಡ್ಡಿ ಬರೆಯಿರಿ, ರಸ್ತೆಯ ಗಂಟೆ ಬರೆಯಿರಿ. ಕೊನೆಗೆ ಕೂಡುವ ಮೊದಲು, ಹೊರಡಲಿರುವ ಮನೆಯ ಅಡುಗೆಮನೆಯ ಕಡೆಗೊಮ್ಮೆ ತಿರುಗಿ, ಬಿಟ್ಟುಹೋದದ್ದು ಏನಾದರೂ ಇದೆಯೇ ಎಂದು ಕೇಳಿರಿ.