ಸಾವಿನ ಹಕ್ಕು, ಬದುಕಿನ ಹಕ್ಕು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ವಾಸಿಯಾಗದ ರೋಗದಿಂದ ನರಳುವವನಿಗೆ ಸಾವನ್ನು ಕೇಳುವ ಹಕ್ಕುಂಟೆ? ಹಾಲೆಂಡಿನಲ್ಲಿ ಒಬ್ಬ ವೈದ್ಯೆ, ಸಾವು ಬೇಡಿದ ತನ್ನ ತಾಯಿಗೆ ಮಾರ್ಫಿನ್ ಕೊಟ್ಟು ಜೀವ ತೆಗೆದಳು. 1973ರಲ್ಲಿ ನ್ಯಾಯಾಲಯ ಅದನ್ನು ಅಪರಾಧವೆಂದಿತು. ಕೊಟ್ಟ ಶಿಕ್ಷೆ ಮಾತ್ರ ಒಂದೇ ವಾರ, ಅದೂ ಅಮಾನತಿನಲ್ಲಿ. ಜನಮನ ಆಗಲೇ ತಿರುಗತೊಡಗಿತ್ತು. 2002ರಲ್ಲಿ ಅಲ್ಲಿಯೂ ಬೆಲ್ಜಿಯಮ್ಮಿನಲ್ಲಿಯೂ ದಯಾಮರಣದ ಕಾನೂನು ಜಾರಿಗೆ ಬಂತು. 2016ರಲ್ಲಿ ಕೆನಡಾ, 2021ರಲ್ಲಿ ಸ್ಪೇನ್ ಅದೇ ದಾರಿ ಹಿಡಿದವು.

ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದ್ದು ಇಷ್ಟೇ: ಚೇತರಿಕೆಯ ಆಸೆಯಿಲ್ಲದಾಗ ಜೀವ ಹಿಡಿದಿಡುವ ಯಂತ್ರವನ್ನು ನಿಲ್ಲಿಸಬಹುದು, ಸೂಜಿ ಚುಚ್ಚಿ ಕೊಲ್ಲುವಂತಿಲ್ಲ. 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಇದಕ್ಕಾಗಿ ಆಜ್ಞೆ ಹೊರಡಿಸಿತು.

ಇದನ್ನು ನಾನು ವಿರೋಧಿಸುವವನಲ್ಲ. ಆದರೆ ಹಾಲೆಂಡಿನಲ್ಲಿ ಆರೋಗ್ಯ ವಿಮೆ ಎಲ್ಲರಿಗೂ ಕಡ್ಡಾಯ. ನಮ್ಮ ಮಿಲ್ಲಿನ ಕೂಲಿಯವನು ಆಸ್ಪತ್ರೆಯ ಬಿಲ್ಲು ಕಂಡು, ‘ಮಕ್ಕಳಿಗೆ ಸಾಲ ಬಿಡಲಾರೆ, ಸಾಯಲು ಬಿಡಿ’ ಎಂದರೆ ಅದು ಹಕ್ಕಲ್ಲ, ಬಡತನದ ಬಲಾತ್ಕಾರ. ಕೆನಡಾ 2021ರಲ್ಲಿ ಕಾನೂನು ಸಡಿಲಿಸಿದಾಗ ಅಂಗವಿಕಲರ ಸಂಘಗಳು ಪ್ರತಿಭಟಿಸಿದ್ದೂ ಇಂಥ ಭಯದಿಂದಲೇ.

ಆದ್ದರಿಂದ ನಮ್ಮ ಬೇಡಿಕೆ ಇದು: ಆಜ್ಞೆಯ ಜೊತೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಬಡವನಿಗೆ ಹಾಸಿಗೆಯೂ ನೋವು ತಗ್ಗಿಸುವ ಔಷಧವೂ ಪುಕ್ಕಟೆ ಸಿಗಲಿ. ಗೌರವದಿಂದ ಸಾಯಬೇಕಾದವನು ಮೊದಲು ಗೌರವದಿಂದ ಬದುಕಿರಬೇಕು.