ಬಂದೂಕಿನ ಪರವಾನಿಗೆ: ಕೇಳದೆ ಉಳಿದ ಪ್ರಶ್ನೆಗಳು



ಬಂದೂಕು ಯಾರ ಕೈ ಸೇರಬೇಕು, ಯಾರ ಕೈ ಸೇರಬಾರದು ಎಂದು ನಿರ್ಧರಿಸುವುದು ಪ್ರಭುತ್ವದ ಹೊಣೆ. ಆ ಹೊಣೆಯಲ್ಲಿ ಲೋಪವಾದರೆ ಬೆಲೆ ತೆರುವವರು ನಿರಪರಾಧಿಗಳು. ನ್ಯೂಝಿಲೆಂಡ್ ಇದಕ್ಕೆ ಸಾಕ್ಷಿ.

2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್ ನಗರದ ಅಲ್ ನೂರ್ ಮಸೀದಿ ಮತ್ತು ಲಿನ್‌ವುಡ್ ಇಸ್ಲಾಮಿಕ್ ಸೆಂಟರ್‌ನಲ್ಲಿ ಜುಮಾ ನಮಾಝ್‌ಗೆ ನೆರೆದಿದ್ದವರ ಮೇಲೆ ಜನಾಂಗ ದ್ವೇಷಿಯೊಬ್ಬ ಗುಂಡಿನ ಮಳೆಗರೆದನು. 51 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಭಾರತೀಯರೂ ಇದ್ದರು. ಹಂತಕನೇನೂ ಕದ್ದುಮುಚ್ಚಿ ಶಸ್ತ್ರ ಸಂಪಾದಿಸಬೇಕಾಗಿರಲಿಲ್ಲ. 2017ರಲ್ಲೇ ಅವನಿಗೆ ಪರವಾನಿಗೆ ದೊರೆತಿತ್ತು.

ಅಲ್ಲಿನ ಪಾರ್ಲಿಮೆಂಟ್ ಆ ಬಳಿಕ ತಡಮಾಡಲಿಲ್ಲ. ಏಪ್ರಿಲ್ 10ರಂದು, ಕೇವಲ ಒಂದು ವಿರೋಧ ಮತದೊಂದಿಗೆ, ಬಹುತೇಕ ಅರೆ ಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸಿತು. ಸರಕಾರವು ಪರಿಹಾರ ಕೊಟ್ಟು 56 ಸಾವಿರಕ್ಕೂ ಅಧಿಕ ಬಂದೂಕುಗಳನ್ನು ಜನರಿಂದ ಹಿಂಪಡೆಯಿತು. ಇದು ಶ್ಲಾಘನೀಯ. ಆದರೆ ಬಂದೂಕುಗಳ ನೋಂದಣಿಯಾಗಬೇಕೆಂದು ಥಾರ್ಪ್ ವರದಿಯು 1997ರಲ್ಲೇ ಸಲಹೆ ನೀಡಿತ್ತು. ನೋಂದಣಿ ವ್ಯವಸ್ಥೆ ಆರಂಭವಾದದ್ದು 2023ರಲ್ಲಿ!

2020ರಲ್ಲಿ ಹೊರಬಂದ ರಾಯಲ್ ಕಮಿಷನ್ ವರದಿಯು ಇನ್ನೊಂದು ಕಹಿ ಸತ್ಯವನ್ನು ತೆರೆದಿಟ್ಟಿತು. ಪರವಾನಿಗೆಗೆ ಅರ್ಜಿದಾರನನ್ನು ಚೆನ್ನಾಗಿ ಬಲ್ಲ ಇಬ್ಬರ ಅಭಿಪ್ರಾಯ ಪಡೆಯಬೇಕಿತ್ತು. ಪೊಲೀಸರು ಒಪ್ಪಿಕೊಂಡದ್ದು, ಮುಖ್ಯವಾಗಿ ಅಂತರ್ಜಾಲದ ಆಟಗಳ ಮೂಲಕ ಪರಿಚಿತನಾಗಿದ್ದ ಗೆಳೆಯನೊಬ್ಬನ ಮತ್ತು ಆ ಗೆಳೆಯನ ಹೆತ್ತವರಲ್ಲೊಬ್ಬರ ಮಾತನ್ನು. ಅಂದರೆ, ಆಗಲೂ ಕಾನೂನು ಇತ್ತು. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದವರಲ್ಲಿ ಕೇಳಿರಲಿಲ್ಲ, ಅಷ್ಟೇ.

ಮಸೀದಿಯಲ್ಲಿದ್ದವರ ಬಳಿಯೂ ಬಂದೂಕು ಇರುತ್ತಿದ್ದರೆ ಎಂದು ಕೆಲವರು ವಾದಿಸಬಹುದು. ಲಿನ್‌ವುಡ್‌ನಲ್ಲಿ ಅಬ್ದುಲ್ ಅಝೀಝ್‌ರು ಕೈಗೆ ಸಿಕ್ಕಿದ ಕಾರ್ಡ್ ಯಂತ್ರವನ್ನೇ ಎಸೆದು ಹಂತಕನನ್ನು ಎದುರಿಸಿದರು, ಓಡಿಸಿದರು. ಆ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಪ್ರಾರ್ಥನೆಗೆ ಹೋಗುವವರು ಶಸ್ತ್ರಧಾರಿಗಳಾಗಿಯೇ ಹೋಗಬೇಕಾದ ಸಮಾಜ ಸುರಕ್ಷಿತ ಸಮಾಜವೆನಿಸದು.

ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಪರವಾನಿಗೆಗೆ ಮುನ್ನ ಪೊಲೀಸ್ ವರದಿಯನ್ನು ಬಯಸುತ್ತದೆ. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಇವು ಒಳ್ಳೆಯ ನಿಯಮಗಳು. ಆದರೆ ಆ ವರದಿ ಬರೆಯುವವನು ಅರ್ಜಿದಾರನ ಹಣ, ಪ್ರಭಾವ, ಧರ್ಮಗಳನ್ನು ನೋಡದೆ, ಅವನ ನಡತೆಯನ್ನು ಮಾತ್ರ ನೋಡುತ್ತಾನೆಯೇ? ನಾವು ಪ್ರಭುತ್ವದಿಂದ ಬಂದೂಕನ್ನು ಕೇಳುವುದಿಲ್ಲ. ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರವನ್ನು ಕೇಳುತ್ತೇವೆ. ರಕ್ತ ಚೆಲ್ಲಿದ ಮೇಲಲ್ಲ, ಅದಕ್ಕೆ ಮೊದಲು.